ಅಮೆರಿಕದ ಎಎಫ್‌ಟು ಅನ್ನೋ ಒಳಾಂಗಣ ಫುಟ್‌ಬಾಲ್ ಲೀಗ್ ಯಾರಿಗಾದರೂ ನೆನಪಿದೆಯಾ? ಜನ ಬರುತ್ತಿದ್ದರೂ ಮುಚ್ಚಿಹೋಗಿದ್ದು ಹೇಗೆ?

ಮೊಲೀನ್ ಮುದ್ದೆ:

ಕಳೆದ ವಾರ ದಾವಣಗೆರೆ ಮನೆಯ ಅಟ್ಟ ಗುಡಿಸುವಾಗ ಅಣ್ಣನ ಮಗನಿಗೆ ಒಂದು ಚೆಂಡು ಸಿಕ್ಕಿದೆ. ಎರಡೂ ತುದಿ ಚೂಪು, ಗಾಳಿ ಪೂರ್ತಿ ಇಳಿದು ಒಣಗಿದ ಹಾಗಲಕಾಯಿ ಥರ ಆಗಿದೆ. ಫೋಟೊ ಕಳಿಸಿ, "ಚಿಕ್ಕಪ್ಪ, ಇದೇನು?" ಅಂತ ಕೇಳಿದ. ಉತ್ತರ ಬರೆಯೋಕೆ ಕೂತೆ, ಅದು ಉದ್ದ ಆಯಿತು. ಅದಕ್ಕೇ ಇಲ್ಲಿ ಹಾಕ್ತಿದ್ದೇನೆ.

2000ನೇ ಇಸವಿಯಲ್ಲಿ ನಾನು ಕೆಲಸಕ್ಕೆ ಅಂತ ಅಮೆರಿಕದ ಮೊಲೀನ್‌ಗೆ ಹೋದೆ. ಇಲಿನಾಯ್ ರಾಜ್ಯ, ಮಿಸಿಸಿಪ್ಪಿ ನದಿಯ ದಡ. ಆಚೆ ದಡದಲ್ಲಿ ಅಯೋವಾದ ಡ್ಯಾವನ್‌ಪೋರ್ಟ್. ಅಕ್ಕಪಕ್ಕದ ಈ ಊರುಗಳನ್ನೆಲ್ಲ ಸೇರಿಸಿ ಕ್ವಾಡ್ ಸಿಟೀಸ್ ಅನ್ನುತ್ತಾರೆ. ಟ್ರ್ಯಾಕ್ಟರ್ ಮಾಡುವ ಜಾನ್ ಡೀರ್ ಕಂಪನಿಯ ಮುಖ್ಯ ಕಚೇರಿ ಇರುವ ಊರು ಅದು. ಶನಿವಾರ ಸಂಜೆ ಏನು ಮಾಡೋದು ಅಂತ ಗೊತ್ತಾಗದೆ ಕೂತಿದ್ದಾಗ ಆಫೀಸಿನ ಗೆಳೆಯನೊಬ್ಬ ದಿ ಮಾರ್ಕ್ ಅನ್ನೋ ಒಳಾಂಗಣ ಸ್ಟೇಡಿಯಂಗೆ ಕರೆದುಕೊಂಡು ಹೋದ. ಅಲ್ಲಿ ಕ್ವಾಡ್ ಸಿಟಿ ಸ್ಟೀಮ್‌ವೀಲರ್ಸ್ ತಂಡದ ಪಂದ್ಯ. ಲೀಗಿನ ಹೆಸರು ಎಎಫ್‌ಟು. ಆ ವರ್ಷವೇ ಶುರುವಾಗಿತ್ತು.

ಆ ಸಲ ಸ್ಟೀಮ್‌ವೀಲರ್ಸ್ ಒಂದೂ ಪಂದ್ಯ ಸೋಲಲಿಲ್ಲ. ಪ್ಲೇಆಫ್ ಸೇರಿ 19ಕ್ಕೆ 19. ಫೈನಲ್ಲಿನಲ್ಲಿ ಟೆನೆಸೀ ವ್ಯಾಲಿ ವೈಪರ್ಸ್ ಮೇಲೆ 68-59. ಮರುವರ್ಷವೂ ಕಪ್ ನಮ್ಮದೇ. "ನಮ್ಮದೇ" ಅಂತ ಬರೆಯುವಷ್ಟು ಹಚ್ಚಿಕೊಂಡಿದ್ದೆ ನೋಡಿ.

ಹತ್ತು ವರ್ಷ ಆಡಿ 2009ರಲ್ಲಿ ಇಡೀ ಲೀಗೇ ಇಲ್ಲವಾಯಿತು. ಆಗ ನಾನು ಬೆಂಗಳೂರಿಗೆ ವಾಪಸ್ ಬಂದಿದ್ದೆ. ಸುದ್ದಿ ಓದಿ ನಂಬಿಕೆ ಬರಲಿಲ್ಲ. ಕೊನೆಯ ವರ್ಷವೂ 25 ತಂಡ ಆಡಿದ್ದವು! ಇದರ ಕಥೆ ಗೊತ್ತಿರೋರು ಬರೆಯಿರಿ.

ಕಾಲ್ಚೆಂಡು ಕಿಟ್ಟಿ:

ಗುರುವೇ, ಒಳಾಂಗಣ ಫುಟ್‌ಬಾಲ್ ಅಂತ ನೋಡಿ ಫುಟ್ಸಾಲ್ (ಒಳಗೆ ಐದೈದು ಜನ ಆಡೋ ಕಾಲ್ಚೆಂಡು) ಬಗ್ಗೆ ಇರಬೇಕು ಅಂದುಕೊಂಡು ಓಡಿ ಬಂದೆ. 68-59 ಓದಿ ತಲೆ ತಿರುಗಿತು. ಇದು ಫುಟ್‌ಬಾಲಾ, ಬ್ಯಾಸ್ಕೆಟ್‌ಬಾಲಾ?

ಮೊಲೀನ್ ಮುದ್ದೆ:

ಹಹ್ಹ, ಕ್ಷಮಿಸಿ ಕಿಟ್ಟಿ. ಅಮೆರಿಕನ್ ಫುಟ್‌ಬಾಲ್ ಇದು. ಹೆಲ್ಮೆಟ್ ಹಾಕಿಕೊಂಡು, ಚೆಂಡು ಅಪ್ಪಿಕೊಂಡು ಓಡೋದು, ಎದುರಿನವರು ಬಂದು ಕೆಡವೋದು. ನಮ್ಮ ಕಬಡ್ಡಿ ನೋಡಿದವರಿಗೆ ಅರ್ಧ ಅರ್ಥ ಆಗುತ್ತೆ.

ಆದರೆ ನಿಮಗೆ ಖುಷಿ ಆಗೋ ವಿಷಯ ಒಂದಿದೆ. ಈ ಆಟ ಹುಟ್ಟಿದ್ದು ನಿಮ್ಮ ಕಾಲ್ಚೆಂಡಿನಿಂದಲೇ. 1981ರಲ್ಲಿ ಜಿಮ್ ಫಾಸ್ಟರ್ ಅನ್ನೋರು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ ಪಂದ್ಯ ನೋಡುತ್ತಾ ಕೂತಿದ್ದರು. ಚೆಂಡು ಗೋಡೆಗೆ ಬಡಿದು ವಾಪಸ್ ಬರುತ್ತೆ, ಆಟ ನಿಲ್ಲೋದೇ ಇಲ್ಲ. ಸಾಕರನ್ನು ಹೀಗೆ ಒಳಗೆ ತರಬಹುದಾದರೆ ನಮ್ಮ ಫುಟ್‌ಬಾಲ್ ಯಾಕಾಗಬಾರದು ಅಂತ ಕೈಯಲ್ಲಿದ್ದ ಕಂದು ಲಕೋಟೆಯ ಮೇಲೇ ಅಂಗಳದ ನಕ್ಷೆ ಗೀಚಿದರಂತೆ. 1986ರಲ್ಲಿ ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿ ಪರೀಕ್ಷೆಗೆ ಅಂತ ಒಂದು ಪಂದ್ಯ ಆಡಿಸಿದರು. 1987ರಲ್ಲಿ ನಾಲ್ಕು ತಂಡ ಕಟ್ಟಿ ಅರೀನಾ ಫುಟ್‌ಬಾಲ್ ಲೀಗ್ ಶುರು ಮಾಡಿದರು. ಅದು ದೊಡ್ಡ ಲೀಗ್, ಎಎಫ್‌ಎಲ್. ಎಎಫ್‌ಟು ಅದರ ತಮ್ಮ, ಹುಟ್ಟಿದ್ದು 13 ವರ್ಷ ಆದಮೇಲೆ.

ಅಳತೆ ಎಲ್ಲಿಂದ ಬಂತು ಗೊತ್ತಾ? ಐಸ್ ಹಾಕಿ ಅಂಕಣ 200 ಅಡಿ ಉದ್ದ, 85 ಅಡಿ ಅಗಲ. ಅರೀನಾ ಆಟದ ಅಂಗಳ 50 ಗಜ, ಎರಡೂ ತುದಿಯಲ್ಲಿ ಸ್ಕೋರ್ ಮಾಡೋ ಜಾಗ ಎಂಟೆಂಟು ಗಜ. ಕೂಡಿಸಿದರೆ 66 ಗಜ, ಅಂದರೆ 198 ಅಡಿ. ಅಗಲ 85 ಅಡಿ. ದರ್ಜಿ ಅಳತೆ ತಗೊಂಡು ಹೊಲಿದ ಹಾಗಿದೆ. ಹಾಕಿ ಸೀಸನ್ ಮುಗಿದ ಮೇಲೆ ಅದೇ ಜಾಗದಲ್ಲಿ ಹಸಿರು ಕಾರ್ಪೆಟ್ ಹಾಸಿ, ಸುತ್ತಲ ಹಲಗೆಗೆ ದಪ್ಪ ದಿಂಬು ಕಟ್ಟಿದರೆ ಅಂಗಳ ರೆಡಿ.

ಸುಮ್ನೆ ಓದೋನು:

ಹೊಲಿಗೆ ಲೆಕ್ಕ ಸೂಪರ್. ಆದರೂ ಅಷ್ಟು ಪಾಯಿಂಟ್ ಹೇಗೆ ಬರುತ್ತೆ ಸರ್?

ಮೊಲೀನ್ ಮುದ್ದೆ:

ಜಾಗ ಚಿಕ್ಕದು, ಒಂದು ಕಡೆಗೆ ಎಂಟೇ ಜನ. ಹೊರಗಿನ ಆಟದಲ್ಲಿ ಹನ್ನೊಂದು. ಎರಡು ಎಸೆತ ಸರಿಯಾಗಿ ಬಿದ್ದರೆ ಸ್ಕೋರು. ಜೊತೆಗೆ ಗೋಲ್ ಕಂಬದ ಎರಡೂ ಕಡೆ 32 ಅಡಿ ಎತ್ತರದ ಬಿಗಿ ಬಲೆ ಇರುತ್ತೆ. ಗುರಿ ತಪ್ಪಿದ ಚೆಂಡು ಬಲೆಗೆ ಬಡಿದು ಅಂಗಳಕ್ಕೆ ವಾಪಸ್ ಬೀಳುತ್ತೆ, ಆಟ ಮುಂದುವರಿಯುತ್ತೆ. ಮೊದಲ ಸಲ ನೋಡಿದಾಗ ನಾನು ಆಟಗಾರರನ್ನು ಬಿಟ್ಟು ಬಲೆಯನ್ನೇ ನೋಡುತ್ತಾ ಕೂತಿದ್ದೆ.

ನಮ್ಮ ಸೀಟು ಎರಡನೇ ಸಾಲಿನಲ್ಲಿತ್ತು. ಒಬ್ಬ ಆಟಗಾರ ಓಡಿ ಬಂದು ಹಲಗೆಗೆ ಡಿಕ್ಕಿ ಹೊಡೆದು, ಅರ್ಧ ಮೈ ಮೊದಲ ಸಾಲಿನ ಅಜ್ಜಿಯ ಮಡಿಲಿಗೆ ಬಿದ್ದ. ಅಜ್ಜಿಯ ಪಾಪ್‌ಕಾರ್ನ್ ಎಲ್ಲ ಕಾರ್ಪೆಟ್ ಮೇಲೆ. ಆತ ಎದ್ದು "ಸಾರಿ ಮ್ಯಾಮ್" ಅಂದ. ಅಜ್ಜಿ ಅವನ ಹೆಲ್ಮೆಟ್ ತಟ್ಟಿ, "ಹೋಗು ಮಗಾ, ಆಡು" ಅನ್ನೋ ಥರ ಕೈ ಬೀಸಿದರು. ಪಂದ್ಯ ಮುಗಿದ ಮೇಲೆ ಮಕ್ಕಳನ್ನು ಅಂಗಳಕ್ಕೆ ಬಿಡುತ್ತಿದ್ದರು, ಆಟಗಾರರು ಅರ್ಧ ಗಂಟೆ ನಿಂತು ಸಹಿ ಹಾಕುತ್ತಿದ್ದರು. ಅವರಲ್ಲೊಬ್ಬ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದ. ಹಗಲು ಜಿಮ್‌ನಲ್ಲಿ ಕೆಲಸ. ಬಟ್ಟೆ ಒಗೆಯೋ ಮಷಿನ್‌ಗೆ ಚಿಲ್ಲರೆ ಇಲ್ಲ ಅಂತ ನನ್ನ ಹತ್ತಿರ ನಾಣ್ಯ ಕೇಳಿದ್ದ.

ಲೆಕ್ಕದ ಪುಸ್ತಕ:

ಕೇಳದೆ ಇರುತ್ತಾನಾ ಪಾಪ. ಎಎಫ್‌ಟು ಆಟಗಾರನಿಗೆ ಪಂದ್ಯಕ್ಕೆ 200 ಡಾಲರ್, ಗೆದ್ದರೆ ಮೇಲೆ 50. ಸೀಸನ್ನಿಗೆ 16 ಪಂದ್ಯ. ಎಲ್ಲಾ ಗೆದ್ದರೂ 4,000 ಡಾಲರ್ ಅಷ್ಟೆ. ಸ್ಟೀಮ್‌ವೀಲರ್ಸ್ ಒಂದೂ ಸೋಲಲಿಲ್ಲ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಆ ಅಜೇಯ ತಂಡದ ಹುಡುಗನ ಲೀಗ್ ಸಂಪಾದನೆ ಅಷ್ಟು.

ಮುದ್ದೆ ಅಣ್ಣ, ಬೇಜಾರಾಗಬೇಡಿ. ಈ ಲೀಗ್ ಬೆಳೆದಿದ್ದಕ್ಕೂ ಬಿದ್ದಿದ್ದಕ್ಕೂ ನನ್ನ ಪ್ರಕಾರ ಒಂದೇ ಕಾರಣ, ಫ್ರಾಂಚೈಸಿ ಮಾರಾಟ, ಅಂದರೆ ಫೀ ತಗೊಂಡು ಹೊಸ ತಂಡ ಕಟ್ಟೋ ಹಕ್ಕು ಕೊಡೋದು. ತಂಡಗಳ ಸಂಖ್ಯೆ ನೋಡಿ. 2000ದಲ್ಲಿ 15, 2001ರಲ್ಲಿ 28, 2002ರಲ್ಲಿ 34. ಎರಡು ವರ್ಷಕ್ಕೆ ಡಬಲ್‌ಗಿಂತ ಜಾಸ್ತಿ! 2005ರ ಹೊತ್ತಿಗೆ 20ಕ್ಕೆ ಇಳಿದಿತ್ತು. ಆಮೇಲೆ ಮತ್ತೆ ಹೊಸಬರಿಗೆ ಮಾರಿ 2007ರಲ್ಲಿ 30 ಮಾಡಿದರು. ಮೊದಲ ವರ್ಷದ 15 ತಂಡಗಳಲ್ಲಿ ಹತ್ತೂ ಸೀಸನ್ ಬಿಡದೆ ಆಡಿದ್ದು ಮೂರೇ ಮೂರು. ಕ್ವಾಡ್ ಸಿಟಿ, ಟಲ್ಸಾ, ಆರ್ಕನ್ಸಾ. ಉಳಿದ ಮಾಲೀಕರು ಫೀ ಕಟ್ಟಿ, ಕೈ ಸುಟ್ಟುಕೊಂಡು ಹೋದವರು. ನಮ್ಮಲ್ಲಿ ಹೆದ್ದಾರಿ ಪಕ್ಕ ಹೋಟೆಲ್ ಬೋರ್ಡು ಬದಲಾಗೋ ಹಾಗೆ ಪ್ರತಿ ವರ್ಷ ಹೆಸರು ಬದಲು.

ಕಾಲ್ಚೆಂಡು ಕಿಟ್ಟಿ:

ಆದರೂ 2000ದಲ್ಲೇ ಯಾಕೆ ಅಷ್ಟು ಜನ ಹಣ ಹಾಕೋಕೆ ಮುಂದೆ ಬಂದರು?

ಲೆಕ್ಕದ ಪುಸ್ತಕ:

ಕರ್ಟ್ ವಾರ್ನರ್. ಕಾಲೇಜು ಮುಗಿಸಿ, ಹೊರಗಿನ ಆಟದ ಅತಿ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಜಾಗ ಸಿಗದೆ, ಅಯೋವಾದ ಸೀಡರ್ ಫಾಲ್ಸ್‌ನ ಸೂಪರ್‌ಮಾರ್ಕೆಟ್‌ನಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸುತ್ತಿದ್ದವನು. ಗಂಟೆಗೆ ಐದೂವರೆ ಡಾಲರ್. ಆಮೇಲೆ 1995ರಿಂದ ಮೂರು ವರ್ಷ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಪರ ಅರೀನಾ ಫುಟ್‌ಬಾಲ್ ಆಡಿದ. 2000ದ ಜನವರಿ 30ರಂದು ಅದೇ ಮನುಷ್ಯ ಸೇಂಟ್ ಲೂಯಿಸ್ ರ್‍ಯಾಮ್ಸ್ ತಂಡಕ್ಕೆ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಗೆದ್ದುಕೊಟ್ಟ. ಆ ಒಂದು ಪಂದ್ಯದಲ್ಲಿ ಎಸೆತಗಳಿಂದಲೇ ಒಟ್ಟು 414 ಗಜ ಗಳಿಸಿ ಸೂಪರ್ ಬೌಲ್‌ನ ಆಗಿನ ದಾಖಲೆ ಮುರಿದ. ಎಎಫ್‌ಟು ಮೊದಲ ಸೀಸನ್ ಶುರುವಾಗಿದ್ದು ಅದಾದ ಕೆಲವೇ ವಾರಕ್ಕೆ. ಇದಕ್ಕಿಂತ ಒಳ್ಳೆ ಜಾಹೀರಾತು ಬೇಕಾ? ಒಳಾಂಗಣ ಆಟ ಅಂದರೆ ಸರ್ಕಸ್ ಅಂತ ನಗುತ್ತಿದ್ದವರ ಬಾಯಿ ಮುಚ್ಚಿತು. ಸಣ್ಣ ಊರಿನ ಹುಡುಗರಿಗೆಲ್ಲ ಮುಂದಿನ ವಾರ್ನರ್ ತಾನೇ ಅನ್ನೋ ಆಸೆ. ಸಣ್ಣ ಊರಿನ ಸ್ಟೇಡಿಯಂನವರಿಗೆ ಬೇಸಿಗೆಯಲ್ಲಿ ಖಾಲಿ ಬಿದ್ದಿರೋ ಕಟ್ಟಡಕ್ಕೆ ಬಾಡಿಗೆದಾರ ಸಿಕ್ಕಿದ ಸಂತೋಷ.

ಹಣ ಹಾಕುವವರಿಗೆ ಆಸೆ ಹತ್ತಿದರೆ ಭೂಗೋಳ ಮರೆತು ಹೋಗುತ್ತೆ. 2002ರಲ್ಲಿ ಹವಾಯಿಗೂ ಒಂದು ತಂಡ ಕೊಟ್ಟರು, ಹವಾಯಿಯನ್ ಐಲ್ಯಾಂಡರ್ಸ್. ಹೊನೊಲುಲುವಿನಿಂದ ಅಮೆರಿಕದ ಹತ್ತಿರದ ದಡಕ್ಕೇ ಸುಮಾರು 4,000 ಕಿಲೋಮೀಟರ್. ಪಂದ್ಯಕ್ಕೆ 200 ಡಾಲರ್ ಸಂಬಳದ ಲೀಗಿನಲ್ಲಿ ಪ್ರತಿ ಸಲ ಇಡೀ ತಂಡಕ್ಕೆ ವಿಮಾನದ ಟಿಕೆಟ್! ಮೂರು ಸೀಸನ್ ಎಳೆದರು ಅನ್ನೋದೇ ಆಶ್ಚರ್ಯ.

ಸ್ಪೋಕೇನ್ ಸೊಸೆ:

ಲೆಕ್ಕದ ಪುಸ್ತಕ ಅವರೇ, ನಿಮ್ಮ ಅಂಕಿ ಸರಿ ಇದೆ, ಆದರೆ ಅರ್ಧ ಕಥೆ ಬಿಟ್ಟಿದ್ದೀರಿ. ಮದುವೆಯಾಗಿ ನಾನು ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ಗೆ ಬಂದಿದ್ದು 2006ರಲ್ಲಿ. ಸ್ಪೋಕೇನ್ ಶಾಕ್ ತಂಡ ಹುಟ್ಟಿದ್ದೂ ಅದೇ ವರ್ಷ. ಮೊದಲ ಸೀಸನ್ನಿನಲ್ಲೇ ಕಪ್ ಗೆದ್ದರು. ನಮ್ಮ ಅರೀನಾ ಭರ್ತಿ. ಟಿಕೆಟ್ ಸಿಗದೆ ನಮ್ಮ ಮಾವನವರು ಪರಿಚಯದವರ ಕೈಕಾಲು ಹಿಡಿಯುತ್ತಿದ್ದರು. ಒಂದು ಊರು ಈ ಆಟವನ್ನು ಹೀಗೆ ಎತ್ತಿಕೊಂಡಿದ್ದನ್ನು ಕಣ್ಣಾರೆ ನೋಡಿದವಳು ನಾನು. ಅದಕ್ಕೇ "ಬರೀ ಫ್ರಾಂಚೈಸಿ ವ್ಯಾಪಾರ" ಅಂದರೆ ಒಪ್ಪಲ್ಲ.

ಆದರೆ ಲೀಗಿನವರ ತಲೆ ಬಗ್ಗೆ ಕೇಳಬೇಡಿ. ಆ 2006ರ ಫೈನಲ್ ನಮ್ಮ ಶಾಕ್‌ಗೂ ಗ್ರೀನ್ ಬೇ ಬ್ಲಿಜರ್ಡ್‌ಗೂ. ಆಡಿಸಿದ್ದು ಎಲ್ಲಿ ಗೊತ್ತಾ? ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊದಲ್ಲಿ! ಒಂದು ತಂಡ ವಾಯುವ್ಯ ಮೂಲೆ, ಇನ್ನೊಂದು ಕೆನಡಾ ಗಡಿಯ ಕಡೆಯ ವಿಸ್ಕಾನ್ಸಿನ್. ಬೀದರ್‌ಗೂ ಬಳ್ಳಾರಿಗೂ ಫೈನಲ್ ಇಟ್ಟು ಅಂಡಮಾನ್‌ನಲ್ಲಿ ಆಡಿಸಿದ ಹಾಗೆ. ಆಮೇಲೆ ಬುದ್ಧಿ ಬಂತು ಅನ್ನಿ. 2008ರ ಫೈನಲ್ ನಮ್ಮೂರಲ್ಲೇ ನಡೆಯಿತು. ಹೆಚ್ಚುವರಿ ಸಮಯದಲ್ಲಿ 56-55, ಒಂದೇ ಒಂದು ಪಾಯಿಂಟಿಗೆ ಟೆನೆಸೀ ವ್ಯಾಲಿ ವಿರುದ್ಧ ಸೋತೆವು. ಕಾರ್ ಪಾರ್ಕಿನಲ್ಲಿ ಯಾರೂ ಮಾತಾಡಲಿಲ್ಲ. ಮನೆಗೆ ಬಂದು ಮಾವನವರು ಮೊಸರನ್ನ ಸಹ ಮುಟ್ಟದೆ ಮಲಗಿದರು.

ಮೊಲೀನ್ ಮುದ್ದೆ:

ಸೊಸೆಯವರೇ, ಆ ಟೆನೆಸೀ ವ್ಯಾಲಿಯನ್ನು ಮೊದಲ ಫೈನಲ್ಲಿನಲ್ಲಿ ಸೋಲಿಸಿದ್ದು ನಾವೇ. ನಿಮ್ಮ ಸೇಡು ಎಂಟು ವರ್ಷ ಮುಂಚೆಯೇ ತೀರಿಸಿ ಇಟ್ಟಿದ್ದೆವು.

ಸರಿ, ಅರೀನಾ ಭರ್ತಿ ಅಂತೀರಿ. ಹಾಗಾದರೆ ಸತ್ತಿದ್ದು ಹೇಗೆ?

ಸ್ಪೋಕೇನ್ ಸೊಸೆ:

ಅಣ್ಣ ಮುಳುಗಿದ, ತಮ್ಮನ ಕಾಲು ಹಿಡಿದುಕೊಂಡಿದ್ದ. ಅಷ್ಟೇ.

ಎಎಫ್‌ಟುವಿನಲ್ಲಿ ಶೇಕಡಾ 50.1 ಪಾಲು ದೊಡ್ಡ ಲೀಗ್ ಎಎಫ್‌ಎಲ್‌ನದು. ಆ ದೊಡ್ಡ ಲೀಗ್ 2008ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ ಬ್ಯಾಂಕುಗಳೆಲ್ಲ ಅಲ್ಲಾಡುತ್ತಿದ್ದ ಹೊತ್ತಿನಲ್ಲಿ, 2009ರ ಸೀಸನ್ ಆಡಿಸಲ್ಲ ಅಂತ ಘೋಷಿಸಿತು. ತಮ್ಮ ಮಾತ್ರ ಆ ಬೇಸಿಗೆ ಪೂರ್ತಿ ಆಡಿದ. ಆಗಸ್ಟ್ ಬಂತು. ದೊಡ್ಡ ಲೀಗ್ ದಿವಾಳಿ ಕೋರ್ಟಿಗೆ ಹೋಯಿತು, ಅದೂ ಅಮೆರಿಕದ ದಿವಾಳಿ ಕಾನೂನಿನ ಏಳನೇ ಅಧ್ಯಾಯದ ಅಡಿ. ಅಂದರೆ ಅಂಗಡಿ ರಿಪೇರಿ ಮಾಡಿ ತೆಗೆಯೋದಲ್ಲ, ಇರೋದನ್ನೆಲ್ಲ ಮಾರಿ ಸಾಲ ತೀರಿಸೋದು. ಆ "ಇರೋದನ್ನೆಲ್ಲ"ದಲ್ಲಿ ನಮ್ಮ ಲೀಗಿನ ಪಾಲೂ ಸೇರಿತ್ತು.

ಅದೇ ತಿಂಗಳು ಲಾಸ್ ವೇಗಸ್‌ನಲ್ಲಿ ಎಎಫ್‌ಟು ಫೈನಲ್. ನಮ್ಮ ಶಾಕ್ 74-27ರಲ್ಲಿ ವಿಲ್ಕ್ಸ್-ಬ್ಯಾರಿ/ಸ್ಕ್ರ್ಯಾಂಟನ್ ತಂಡವನ್ನು ಹೊಡೆದುಹಾಕಿತು. ಆ ಕಪ್ ಎತ್ತಿದವರಿಗೆ ಅದೇ ಕಡೆಯದು ಅಂತ ಗೊತ್ತಿತ್ತೋ ಇಲ್ಲವೋ. ಸೆಪ್ಟೆಂಬರ್‌ನಲ್ಲಿ ಮುಂದಿನ ವರ್ಷ ಆಡ್ತೀವಿ ಅಂತ ಬರೆದುಕೊಡೋಕೆ ಗಡುವು ಇತ್ತು. ಒಂದು ತಂಡವೂ ಬರೆದುಕೊಡಲಿಲ್ಲ. ಲೀಗ್ ಅಲ್ಲಿಗೆ ನಿಂತಿತು.

ಲೆಕ್ಕದ ಪುಸ್ತಕ:

ಇದು ನನಗೆ ಗೊತ್ತಿತ್ತು, ಆದರೆ ನೀವು ಹೇಳಿದ ರೀತಿ ಚೆನ್ನಾಗಿದೆ ಮೇಡಂ. ದೊಡ್ಡ ಲೀಗ್ ಯಾಕೆ ಮುಳುಗಿತು ಅನ್ನೋದನ್ನು ನಾನು ಸೇರಿಸ್ತೀನಿ. 2003ರಲ್ಲಿ ಎನ್‌ಬಿಸಿ ಟಿವಿ ಜೊತೆ ಒಪ್ಪಂದ ಆಯಿತು. ಎಲ್ಲರೂ ಕುಣಿದಾಡಿದರು. ಆದರೆ ಎನ್‌ಬಿಸಿ ಮುಂಗಡವಾಗಿ ಹಕ್ಕಿನ ಹಣ ಕೊಡಲಿಲ್ಲ. ಜಾಹೀರಾತಿನಿಂದ ಬಂದ ಆದಾಯ ಹಂಚಿಕೊಳ್ಳೋಣ ಅನ್ನೋ ಕರಾರು. ನಾಲ್ಕು ಸೀಸನ್ ಆದಮೇಲೆ ಅದೂ ಮುಗಿಯಿತು. ಟಿವಿಯಲ್ಲಿ ಬರ್ತೀವಿ ಅಂತ ಖರ್ಚು ಮಾತ್ರ ಟಿವಿ ಮಟ್ಟಕ್ಕೆ ಏರಿತ್ತು.

ಇನ್ನೊಂದು ವಿಷಯ. ಹಿಂದೆ ಅರೀನಾ ಆಟದಲ್ಲಿ ದಾಳಿಗೆ ನಿಂತವನೇ ರಕ್ಷಣೆಗೂ ನಿಲ್ಲಬೇಕಿತ್ತು. ಐರನ್‌ಮ್ಯಾನ್ ಅಂತ ಹೆಮ್ಮೆಯಿಂದ ಕರೆಯುತ್ತಿದ್ದರು. 2007ರಲ್ಲಿ ದೊಡ್ಡ ಲೀಗ್ ಅದನ್ನು ಕೈಬಿಟ್ಟಿತು. ಹೊರಗಿನ ಆಟದ ಹಾಗೆ ಬೇಕಾದಾಗ ಬೇಕಾದವರನ್ನು ಬದಲಿಸಬಹುದು. ತನ್ನದೇ ರುಚಿ ಕಳೆದುಕೊಂಡು ಬೇರೆಯವರ ಅಡುಗೆ ಮಾಡೋಕೆ ಹೋದರು ಅನ್ನೋದು ನನ್ನ ಅಭಿಪ್ರಾಯ.

ಸುಮ್ನೆ ಓದೋನು:

ಒಂದು ಡೌಟು. ತಮ್ಮನ ತಂಡಗಳೆಲ್ಲ ಸೇರಿ ಬೇರೆ ಹೆಸರಲ್ಲಿ ಆಡಬಹುದಿತ್ತಲ್ವಾ? ಆಟ ಯಾರಪ್ಪನ ಆಸ್ತಿ?

ಲೆಕ್ಕದ ಪುಸ್ತಕ:

ಸ್ವಲ್ಪ ಕಾಲ ನಿಜವಾಗಲೂ ಆಸ್ತಿಯೇ ಆಗಿತ್ತು! ಫಾಸ್ಟರ್ ಈ ಆಟಕ್ಕೆ ಪೇಟೆಂಟ್ ಮಾಡಿಸಿದ್ದರು, 1990ರಲ್ಲಿ ಸಿಕ್ಕಿತು. ಆ ಬಲೆ ಇದೆಯಲ್ಲ, ಅದನ್ನು ಬೇರೆ ಯಾವ ಒಳಾಂಗಣ ಲೀಗೂ ಬಳಸುವ ಹಾಗಿರಲಿಲ್ಲ. ಅದಕ್ಕೇ ಉಳಿದ ಲೀಗುಗಳ ಆಟ ಬಲೆ ಇಲ್ಲದೆ ನಡೆಯುತ್ತಿತ್ತು. ಪೇಟೆಂಟ್ ಅವಧಿ 2007ರಲ್ಲಿ ಮುಗಿದಿತ್ತು, ಹಾಗಾಗಿ 2009ರಲ್ಲಿ ಅಡ್ಡಿ ಇರಲಿಲ್ಲ.

ನೀವು ಹೇಳಿದ್ದನ್ನೇ ಅವರು ಮಾಡಿದ್ದು ಕೂಡ. ಎರಡೂ ಲೀಗಿನ ಒಂದಷ್ಟು ತಂಡಗಳು ಸೇರಿ ಅರೀನಾ ಫುಟ್‌ಬಾಲ್ ಒನ್ ಅಂತ ಕಟ್ಟಿಕೊಂಡವು. ಡಿಸೆಂಬರ್‌ನಲ್ಲಿ ದಿವಾಳಿ ಹರಾಜಿನಲ್ಲಿ ಅಣ್ಣನ ಹೆಸರು, ಲಾಂಛನ ಎಲ್ಲ 61 ಲಕ್ಷ ಡಾಲರಿಗೆ ಕೊಂಡರು. 2010ರಲ್ಲಿ ಎಎಫ್‌ಎಲ್ ಅನ್ನೋ ಹಳೇ ಹೆಸರಲ್ಲೇ ಆಡಿದರು. ತಮ್ಮ ಅಣ್ಣನ ಅಂಗಿ ಹಾಕಿಕೊಂಡು ಬಂದ ಹಾಗೆ.

ಸ್ಪೋಕೇನ್ ಸೊಸೆ:

ಆ 2010ರ ಕಪ್ ಗೆದ್ದಿದ್ದು ಯಾರು ಹೇಳಿ? ನಮ್ಮ ಶಾಕ್! ಟಂಪಾ ಬೇ ಸ್ಟಾರ್ಮ್ ಮೇಲೆ 69-57, ನಮ್ಮೂರಲ್ಲೇ. ಎರಡೂ ಲೀಗಿನ ಕಪ್ ಗೆದ್ದ ಮೊದಲ ತಂಡ. ಮಾವನವರು ಆ ದಿನ ಹೋಳಿಗೆ ಊಟ ಹಾಕಿಸಿದರು.

ಕಾಲ್ಚೆಂಡು ಕಿಟ್ಟಿ:

ಓದ್ತಾ ಓದ್ತಾ ನಮ್ಮ ಪ್ರೀಮಿಯರ್ ಫುಟ್ಸಾಲ್ ಲೀಗ್ ನೆನಪಾಯಿತು. 2016ರ ಜುಲೈನಲ್ಲಿ ಚೆನ್ನೈ ಮತ್ತು ಗೋವಾದಲ್ಲಿ ಶುರು. ಪೋರ್ಚುಗಲ್ ಕಾಲ್ಚೆಂಡು ತಾರೆ ಲೂಯಿಸ್ ಫಿಗೊ ಅಧ್ಯಕ್ಷ, ಬೆಂಗಳೂರು ತಂಡಕ್ಕೆ ಇಂಗ್ಲೆಂಡಿನ ಪಾಲ್ ಸ್ಕೋಲ್ಸ್. ಗೋವಾ ಪರ ಆಡಿದ ಬ್ರೆಜಿಲ್‌ನ ರೊನಾಲ್ಡಿನ್ಯೊ ನಮ್ಮ ಬೆಂಗಳೂರು ಮೇಲೆ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದ. ನಾನು ಟಿವಿ ಮುಂದೆ ಕೂತು ನಮ್ಮವರು ಸೋಲುತ್ತಿದ್ದರೂ ಚಪ್ಪಾಳೆ ಹೊಡೆಯುತ್ತಿದ್ದೆ. ಆಮೇಲೆ ಆತ ಮಧ್ಯದಲ್ಲೇ ಹೊರಟುಹೋದ, ಜಾಗಕ್ಕೆ ಕಫೂ ಬಂದ. 2017ರಲ್ಲಿ ಮುಂಬೈ, ಬೆಂಗಳೂರು, ದುಬೈನಲ್ಲಿ ಎರಡನೇ ಸೀಸನ್. ಅಷ್ಟಕ್ಕೇ ಮುಗಿಯಿತು. ಭಾರತದ ಫುಟ್‌ಬಾಲ್ ಒಕ್ಕೂಟ ಅದನ್ನು ಮಾನ್ಯ ಮಾಡಿರಲೇ ಇಲ್ಲ.

ಆದರೆ ನಿಮ್ಮದಕ್ಕೂ ನಮ್ಮದಕ್ಕೂ ಒಂದು ವ್ಯತ್ಯಾಸ ಕಾಣ್ತಿದೆ. ನಮ್ಮಲ್ಲಿ ಮೊದಲು ದೊಡ್ಡ ಹೆಸರು ತಂದರು, ಊರಿನವರು ಯಾರೂ ಇರಲಿಲ್ಲ. ಕೋರಮಂಗಲದಲ್ಲಿ ಪಂದ್ಯ ನಡೆದರೂ ನಮ್ಮ ಪಕ್ಕದ ಮನೆಯವರಿಗೆ ಗೊತ್ತಾಗಲಿಲ್ಲ. ನಿಮ್ಮಲ್ಲಿ ಹೆಸರೇ ಇಲ್ಲದ ಹುಡುಗರು, ಪಾಪ್‌ಕಾರ್ನ್ ಅಜ್ಜಿ, ಮೊಸರನ್ನ ಬಿಟ್ಟ ಮಾವ. ಅದಕ್ಕೇ ನಮ್ಮದು ಎರಡು ಸೀಸನ್, ನಿಮ್ಮದು ಹತ್ತು.

ಲೆಕ್ಕದ ಪುಸ್ತಕ:

ಇದು ಒಪ್ಪಿದೆ ಕಿಟ್ಟಿ. ಸೊಸೆಯವರ ಮಾತನ್ನೂ ಅರ್ಧ ಒಪ್ಪುತ್ತೇನೆ. ಫೀ ಕಟ್ಟಿ ಓಡಿದ ಊರುಗಳೂ ಇದ್ದವು, ಬೇರು ಬಿಟ್ಟ ಊರುಗಳೂ ಇದ್ದವು. ಬೇರು ಬಿಟ್ಟ ಊರಿಗೆ ತನ್ನ ತಂಡ ಗೊತ್ತಿತ್ತು, ಲೀಗಿನ ಪತ್ರ ಯಾರ ಹೆಸರಲ್ಲಿದೆ ಅಂತ ಗೊತ್ತಿರಲಿಲ್ಲ. ಶೇಕಡಾ 50.1 ಅಂದರೆ 0.1ರಲ್ಲೇ ಎಲ್ಲ ಇದೆ ಸ್ವಾಮಿ.

ಸುಮ್ನೆ ಓದೋನು:

ಆ ಹೊಸ ಎಎಫ್‌ಎಲ್ ಈಗ ಇದೆಯಾ?

ಲೆಕ್ಕದ ಪುಸ್ತಕ:

2019ರಲ್ಲಿ ಮತ್ತೆ ದಿವಾಳಿ. 2024ರಲ್ಲಿ ಯಾರೋ ಅದೇ ಹೆಸರು ಹಿಡಿದು 16 ತಂಡ ಅಂತ ಶುರು ಮಾಡಿದರು. ಸೀಸನ್ ಮಧ್ಯದಲ್ಲೇ ತಂಡಗಳು ಒಂದೊಂದಾಗಿ ಉದುರಿದವು, ಲೀಗಿನ ಮುಖ್ಯಸ್ಥರನ್ನೇ ಬದಲಿಸಬೇಕಾಯಿತು. ಅದರ ಬಗ್ಗೆ ಬರೆಯೋಕೆ ಹೋದರೆ ಬೇರೆ ಚರ್ಚೆಯೇ ಬೇಕು. ನನಗಂತೂ ಇವತ್ತು ಶಕ್ತಿ ಇಲ್ಲ.

ಸ್ಪೋಕೇನ್ ಸೊಸೆ:

ನಮ್ಮ ಶಾಕ್ ಕೂಡ ಈಗ ಇಲ್ಲ. 2016ರಲ್ಲಿ ಎಂಪೈರ್ ಅಂತ ಹೆಸರು ಬದಲಿಸಿಕೊಂಡು ಬೇರೆ ಲೀಗ್ ಸೇರಿತು, ನಿಂತಿತು, ಮತ್ತೆ ಹಳೇ ಹೆಸರಲ್ಲಿ ಸ್ವಲ್ಪ ದಿನ ಎದ್ದಿತು, ಮತ್ತೆ ನಿಂತಿತು. ಮಾವನವರ ಕಿತ್ತಳೆ ಬಣ್ಣದ ಟೀ ಶರ್ಟ್ ಈಗ ಗಿಡಕ್ಕೆ ನೀರು ಹಾಕುವಾಗ ಹಾಕಿಕೊಳ್ಳೋಕೆ ಇದೆ.

ಮುದ್ದೆ ಅಣ್ಣ, ನಿಮ್ಮೂರಿನಲ್ಲಿ ಸ್ಟೀಮ್‌ವೀಲರ್ಸ್ ಹೆಸರಲ್ಲಿ 2018ರಿಂದ ಹೊಸ ತಂಡ ಬಂದಿದೆಯಲ್ಲ, ನೋಡಿದ್ದೀರಾ?

ಮೊಲೀನ್ ಮುದ್ದೆ:

ಹೌದು, ಅದೇ ಸ್ಟೇಡಿಯಂ. ಆದರೆ ಆ ಲೀಗಿನಲ್ಲಿ ಬಲೆ ಇಲ್ಲ. ಯೂಟ್ಯೂಬ್‌ನಲ್ಲಿ ಒಂದು ಪಂದ್ಯ ಹಾಕಿಕೊಂಡು ಕೂತೆ. ಚೆಂಡು ಕಂಬದ ಪಕ್ಕ ಹೋದಾಗಲೆಲ್ಲ ವಾಪಸ್ ಬರುತ್ತೆ ಅಂತ ಕಣ್ಣು ಅಲ್ಲೇ ಹೋಗುತ್ತೆ, ಅದು ಸೀದಾ ಹಿಂದಕ್ಕೆ ಹೋಗಿ ಬೀಳುತ್ತೆ.

ಅಂದಹಾಗೆ ಅಟ್ಟದ ಚೆಂಡಿನ ವಿಷಯ ಹೇಳೋದೇ ಮರೆತೆ. ಅರೀನಾ ಆಟದಲ್ಲಿ ಪ್ರೇಕ್ಷಕರ ಮಧ್ಯೆ ಬಿದ್ದ ಚೆಂಡು ಹಿಡಿದವರಿಗೇ ಸೇರುತ್ತೆ, ವಾಪಸ್ ಕೊಡಬೇಕಾಗಿಲ್ಲ. 2001ರಲ್ಲಿ ಅದು ನೇರ ನನ್ನ ಎದೆಗೆ ಬಂದು ಬಡಿಯಿತು. ಹಿಡಿದೆ ಅನ್ನೋದಕ್ಕಿಂತ ಅದೇ ಸಿಕ್ಕಿಕೊಂಡಿತು. ಕೈಯಲ್ಲಿದ್ದ ಕೋಕ್ ಪೂರ್ತಿ ಮುಂದಿನ ಸಾಲಿನವರ ಮೇಲೆ. ಅವರು ತಿರುಗಿ ನೋಡಿ ಬೈಯುತ್ತಾರೆ ಅಂದುಕೊಂಡರೆ, ಎದ್ದು ನಿಂತು ನನ್ನ ಕೈ ಎತ್ತಿ ಹಿಡಿದು ಎಲ್ಲರಿಗೂ ಚೆಂಡು ತೋರಿಸಿದರು.

ಅಣ್ಣನ ಮಗ ಈಗಷ್ಟೇ ಮೆಸೇಜ್ ಮಾಡಿದ್ದಾನೆ. ಸೈಕಲ್ ಪಂಪಿನಿಂದ ಗಾಳಿ ಹೊಡೆಸೋಕೆ ನೋಡಿದನಂತೆ, ಸೂಜಿ ಸಿಗಲಿಲ್ಲವಂತೆ. ದಾವಣಗೆರೆ ಕಡೆಯವರು ಯಾರಾದರೂ ಇದ್ದರೆ ಹೇಳಿ, ವಾಲಿಬಾಲ್ ಸೂಜಿಯೇ ಸಾಕಾಗುತ್ತಾ?